ಕಾಕಾ ಬಸದಿಗೆ ಹೋದ ಹೊತ್ತು

ನಾನು ಸಗಣಿಯ ಸ್ಲರಿ ಕುದಿಸುವುದು ಕಾಕಾ ಬಸದಿಗೆ ಹೋದಾಗ ಮಾತ್ರ. ಬೆಳಗಿನ ತಂಪಿನಲ್ಲಿ ಕುದಿಸಿದರೆ ಶೆಡ್ಡು ಅಷ್ಟು ನಾರುವುದಿಲ್ಲ, ಅದಕ್ಕೇ ಅಂತ ನನಗೆ ನಾನೇ ಸಬೂಬು ಹೇಳಿಕೊಂಡು ನೋಡಿದೆ. ನನಗೇ ನಂಬಿಕೆ ಬರಲಿಲ್ಲ.

ದಾನೋಳಿಯ ಹೊಲದಲ್ಲಿ ಕಾಕಾನ ಹಳೆಯ ದನದ ಶೆಡ್ಡೇ ನಮ್ಮ ಪ್ರಯೋಗಶಾಲೆ. ಕೊಲ್ಲಾಪುರದಲ್ಲಿ ನನ್ನ ಜೊತೆ ಓದಿದ ಅಭಿಜಿತ ಮತ್ತು ನಾನು ಇಲ್ಲಿ ಕಬ್ಬಿನ ರವದಿಯಿಂದ ಹೈಡ್ರೋಜನ್ ತೆಗೆಯುತ್ತೇವೆ. ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಯನ್ನು ಕತ್ತರಿಸಿ, ನೆನೆಸಿ, ಮೆತ್ತಗೆ ಮಾಡಿ, ಗಾಳಿಯಾಡದ ಡ್ರಮ್ಮಿನಲ್ಲಿ ಹುಳಿ ಬರಲು ಬಿಡುವುದು. ಅದಕ್ಕೆ ಹೆಪ್ಪು ಈ ಸ್ಲರಿ, ಸಗಣಿ ಕದಡಿದ ನೀರು. ಅದರೊಳಗಿನ ಸೂಕ್ಷ್ಮಜೀವಿಗಳು ರವದಿಯ ಸಕ್ಕರೆ ತಿಂದು ಹೈಡ್ರೋಜನ್ ಬಿಡುತ್ತವೆ. ಆದರೆ ಬಿಟ್ಟದ್ದನ್ನು ತಿಂದುಬಿಡುವ ಜೀವಿಗಳೂ ಅದರಲ್ಲೇ ಇರುತ್ತವೆ. ಅವು ಸಾಯಲೆಂದೇ ಮೊದಲು ಕುದಿಸಬೇಕು. ನಮಗೆ ಬೇಕಾದವು ಗಟ್ಟಿ ಕವಚದೊಳಗೆ ಮುದುಡಿಕೊಂಡು ಬದುಕುತ್ತವೆ.

ಇದನ್ನು ಕುಂಥುನಾಥ ಕಾಕಾಗೆ ನಾನು ಹೇಳಿಲ್ಲ. ಸಣ್ಣ ಜೀವವೂ ಸಾಯಬಾರದೆಂದು ಸೋಸದ ನೀರು ಕುಡಿಯದ, ಹೊತ್ತು ಮುಳುಗಿದ ಮೇಲೆ ಉಣ್ಣದ ಮನುಷ್ಯ. ಹೋದ ವರ್ಷ ಹೊಲದ ರವದಿಗೆ ಬೆಂಕಿ ಹಚ್ಚಿದಾಗ, ಮರಿಗಳ ಸಮೇತ ಸುಟ್ಟ ಕೌಜುಗದ ಗೂಡು ಕಂಡು ಉಪವಾಸ ಕೂತಿದ್ದರು. ಆಮೇಲೆ ತಾವಾಗಿಯೇ ಶೆಡ್ಡು ಬಿಟ್ಟುಕೊಟ್ಟರು. "ಬೆಂಕಿ ಇಲ್ಲ, ಸಾವಿಲ್ಲ. ಭಾಳ ಪುಣ್ಯಾದ ಕೆಲಸ ತಂಗಿ," ಅಂದರು. ನಾನು ಸುಮ್ಮನೆ ತಲೆಯಾಡಿಸಿದೆ. ಅಂದೇ ಹೇಳಿದ್ದರೆ ಬರೇ ಶೆಡ್ಡು ಹೋಗುತ್ತಿತ್ತು. ಈಗಲೂ ಹೇಳದಿದ್ದರೆ ಕಾಕಾನ ಮಾತಿನ ಬೆಲೆಯೇ ಹೋಗುತ್ತದೆ. ನಾಳೆ ದಶಲಕ್ಷಣ ಪರ್ವಕ್ಕೆ ಇಚಲಕರಂಜಿಯ ಬಸದಿಯಲ್ಲಿ, ಎಲ್ಲರೆದುರು ಈ ಇಂಧನದ ಬಗ್ಗೆ ಅವರು ಮಾತಾಡುವವರಿದ್ದಾರೆ.

"ಹೇಳಿಬಿಡೂಣೇನು?" ಎಂದು ಅಭಿಜಿತನನ್ನು ಕೇಳಿದೆ.

"ಹುಚ್ಚಿ ಅದಿಯೇನ? ಕಣ್ಣಿಗೆ ಕಾಣದ್ದಕ್ಕ ಯಾರ ಅಳ್ತಾರ? ಶೆಡ್ ಹೋತಂದ್ರ ಡ್ರಮ್ ನಿನ್ನ ತಲಿ ಮ್ಯಾಲ ಇಡ್ಲ್ಯಾ?"

ಸಂಜೆ, ಹೊತ್ತಿರುವಾಗಲೇ ಊಟಕ್ಕೆ ಕೂತೆವು. ಪಕ್ಕದ ಹೊಲದ ಬಾಬಾಸಾಹೇಬರೂ ಬಂದಿದ್ದರು. ಕಾಕಾ ತಾಟು ಸರಿಸಿ, ನನ್ನತ್ತ ಕೈ ತೋರಿಸಿ, ನಾಳೆಯ ಭಾಷಣ ಶುರು ಮಾಡಿದರು.

"ನಮ್ಮ ಮನಾಲಿ ಮಾಡೂ ಇಂಧನದಾಗ ಒಂದ ಜೀವಾನೂ ಹೋಗೂದಿಲ್ಲ. ಇದು ಸುಳ್ಳಾದ್ರ, ನಾ ಮತ್ತ ಈ ಬಸದ್ಯಾಗ ಬಾಯಿ ತೆರಿಯೂದಿಲ್ಲ."

"ಛಾಯಾವೈನಿ, ಸುಳ್ಳಾಗ್ಲಿ ಅಂತ ಬೇಡ್ಕೋರಿ," ಅಂದರು ಬಾಬಾಸಾಹೇಬ. "ಮಂದಿಗೆ ಶಾಂತಿ ಸಿಗ್ತದ."

"ಮಂದಿಗೆ ಸಿಗ್ತದ್ರಿ. ಮನ್ಯಾಗ ನನಗ?" ಅಂದಳು ಕಾಕಾನ ಹೆಂಡತಿ ಛಾಯಾ ಕಾಕು, ರೊಟ್ಟಿ ಹಾಕುತ್ತ.

ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾ. ಈ ನಗು ಮನೆಯದು, ಚುಚ್ಚುವುದಿಲ್ಲ. ಮುಂದೊಂದು ದಿನ ಬೇರೆಯವರಿಂದ ನಿಜ ತಿಳಿದು ಬಸದಿಯ ಅಂಗಳದಲ್ಲಿ ಜನ ನಗುವುದು ಹೀಗಿರುವುದಿಲ್ಲ.

ಕಾಕಾ ನನ್ನ ಕಡೆ ತಿರುಗಿದರು. "ನೀ ಹೇಳವಾ, ಕಲ್ತಾಕಿ ನೀನ. ನಾ ಅಂದದ್ರಾಗ ತಪ್ಪೇನರ ಅದನ?"

"ಅಕಿ ಏನ್ ಹೇಳ್ತಾಳ! ಬಾಯಿಗೆ ಕೀಲಿ ಹಾಕ್ಕೊಂಡ ಹುಟ್ಯಾಳ," ಅಂದಳು ಕಾಕು.

ಮತ್ತೊಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು. ಶೆಡ್ಡು ಉಳಿಯುತ್ತಿತ್ತು, ಅಭಿಜಿತನೂ ಖುಷಿಯಾಗಿರುತ್ತಿದ್ದ. ಕಾಕಾ ಇನ್ನೂ ನಗುಮುಖದಲ್ಲೇ ಕಾಯುತ್ತಿದ್ದರು. ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟೆ.

"ಸಾಯ್ತಾವ್ರಿ ಕಾಕಾ," ಅಂದೆ. "ಸ್ಲರಿ ಕುದಸಿ ನಾನ ಕೊಲ್ತೇನಿ."