ಸಿರ್ಕಾದೊಳಗಿನ ಮಾವು

ಗಡಹಿಂಗ್ಲಜದ ಅಲ್ಲಪ್ಪನಿಗೆ ಮಾವಿನಹಣ್ಣೆಂದರೆ ಪ್ರಾಣ. ಹೊಲದ ಬಾವಿಯ ಪಕ್ಕದ ಮರವನ್ನು ಅವನೇ ನೆಟ್ಟು ಬೆಳೆಸಿದ್ದ. ೧೯೩೮ರ ಬೇಸಿಗೆಯಲ್ಲಿ ಅದು ಹಿಂದೆಂದೂ ಇಲ್ಲದಷ್ಟು ಕಾಯಿ ಬಿಟ್ಟಿತು. ಅಲ್ಲಪ್ಪ ಮಾತ್ರ ವಿಷಮಜ್ವರದಿಂದ ಹಾಸಿಗೆ ಹಿಡಿದ. ಮಳೆಗಾಲ ಬರುವತನಕ ಗಂಜಿ ಬಿಟ್ಟು ಬೇರೇನೂ ಕೊಡಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿಹೋದರು.

ಪಡಸಾಲೆಯಲ್ಲಿ ಹುಲ್ಲು ಹಾಸಿ ಹಣ್ಣಿಗಿಟ್ಟ ಮಾವಿನ ವಾಸನೆ ಅವನ ಕೋಣೆಯವರೆಗೂ ಬರುತ್ತಿತ್ತು. "ಈ ವರ್ಷದ್ದು ನನ್ನ ಪಾಲಿಗಿಲ್ಲ ಬಿಡವಾ" ಎಂದು ಸೊಸೆ ಅಕ್ಕವ್ವನಿಗೆ ಹೇಳಿ ಗೋಡೆಯ ಕಡೆ ಮಗ್ಗುಲಾದ.

ಅಕ್ಕವ್ವನ ತವರು ಕೊಲ್ಹಾಪುರ. ಅಲ್ಲಿ ಪಕ್ಕದ ಮನೆಯ ಜೈತುನಬಿ ಕಬ್ಬಿನ ಹಾಲನ್ನು ಗಡಿಗೆಯಲ್ಲಿ ತುಂಬಿ, ಬಿಸಿಲಲ್ಲಿಟ್ಟು, ಹುಳಿ ಬರಿಸಿ ಸಿರ್ಕಾ ಮಾಡುತ್ತಿದ್ದಳು. ಅವಳಿಂದ ಕಲಿತಿದ್ದ ಅಕ್ಕವ್ವ ಗಾಣದ ಹಂಗಾಮಿನಲ್ಲಿ ತಾನೂ ಒಂದು ಗಡಿಗೆ ಇಟ್ಟಿದ್ದಳು. ಈಗ ಅದನ್ನು ಸೋಸಿ, ಬೆಲ್ಲ, ಲವಂಗ, ದಾಲ್ಚಿನ್ನಿ, ಒಣಶುಂಠಿ ಹಾಕಿ ಕುದಿಸಿದಳು. ಹಣ್ಣಾಗಿಯೂ ಗಟ್ಟಿಯಿದ್ದ ಮಾವುಗಳನ್ನು ಹೆಚ್ಚಿ ಭರಣಿಗೆ ತುಂಬಿದಳು. ಸಿರ್ಕಾ ಆರಿದ ಮೇಲೆ ಹೋಳು ಮುಳುಗುವಷ್ಟು ಸುರಿದಳು.

ಅತ್ತೆ ಬಾಳಕ್ಕ ಮೂಗಿಗೆ ಸೆರಗು ಹಿಡಿದು ಬಂದಳು.

"ಏನ್ ಮಾಡಾಕತ್ತೀ? ಕುಡುಕರ ಸೆರಿ ವಾಸನಿ ಬರಾಕತ್ತೈತಿ."

"ಸೆರಿ ಅಲ್ರಿ ಅತ್ತಿ, ಸಿರ್ಕಾ. ಇದರಾಗ ಹಣ್ಣ ಕೆಡೂದಿಲ್ಲ, ಮಾವಾರಿಗೆ ಶ್ರಾವಣದಾಗ ಕೊಡಾಕ."

"ಲಿಂಗಾ ಕಟಗೊಂಡ ಮನಿ ಇದು. ಒಲಿ ಹತ್ರ ಇಡಬ್ಯಾಡ."

ಭರಣಿ ದನದ ಕೊಟ್ಟಿಗೆಗೆ ಹೋಯಿತು.

ಮಳೆ ಹಿಡಿಯಿತು, ಜ್ವರ ಬಿಟ್ಟಿತು. ಆದರೆ ಅಲ್ಲಪ್ಪನಿಗೆ ಬಾಯಿರುಚಿ ಇರಲಿಲ್ಲ. ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದ. ಇನ್ನು ಏನು ಬೇಕಾದರೂ ಉಣ್ಣಲಿ ಎಂದರು ಡಾಕ್ಟರು. ಅಕ್ಕವ್ವ ಭರಣಿ ಹೊತ್ತು ತಂದಳು. ಬಾಳಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಮೊದಲ ನಾ ತಿಂದ ನೋಡತೇನಿ. ನಶಾ ಏರಿದ್ರ ನನಗ ಏರಲಿ."

ಒಂದು ಹೋಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನುಂಗಿದಳು. ಆಮೇಲೆ ಅಂಗಳಕ್ಕಿಳಿದು, ನೆಲಗಲ್ಲಿನ ಗೆರೆ ಹಿಡಿದು ಗೋಡೆಯವರೆಗೆ ನಡೆದು ಹಿಂತಿರುಗಿದಳು. ಕಾಲು ಎಲ್ಲೂ ತಪ್ಪಲಿಲ್ಲ.

"ತಲಿ ತಿರಗತೈತೇನ್ರಿ ಅತ್ತಿ?"

"ಒಂದರಾಗ ಗೊತ್ತಾಗೂದಿಲ್ಲ. ಇನ್ನೊಂದ ಕೊಡ."

ಅದನ್ನೂ ತಿಂದು ಮತ್ತೆ ನಡೆದಳು. ಮತ್ತೊಂದಕ್ಕೆ ಕೈ ಚಾಚಿದಾಗ ಒಳಗಿನಿಂದ ಅಲ್ಲಪ್ಪನ ದನಿ ಬಂತು. "ನನಗೇನರೆ ಉಳಸ್ತೀಯೇನ?"

ಬಹಳ ದಿನಗಳ ಮೇಲೆ ಅವನು ತಾನಾಗಿ ತಿನ್ನಲು ಕೇಳಿದ್ದ. ಬಾಳಕ್ಕ ತಟ್ಟೆ ಒಯ್ದು ಮುಂದಿಟ್ಟಳು. ಅಲ್ಲಪ್ಪ ಹೋಳನ್ನು ನಾಲಿಗೆಯ ಮೇಲಿಟ್ಟುಕೊಂಡ. ಹುಳಿಗೆ ಮುಖ ಕಿವುಚಿದ, ಹಿಂದೆಯೇ ಸಿಹಿ ಹತ್ತಿತು.

"ಬಾವಿ ಮ್ಯಾಲಿನ ಮರದ್ದ ಇದು" ಎಂದ. ಕಣ್ಣಲ್ಲಿ ನೀರು ಬಂದಿತ್ತು. "ಶುಂಠಿ ಖಾರ" ಎಂದು ಒರೆಸಿಕೊಂಡ. ಅಂದು ಒಂದಿಡೀ ರೊಟ್ಟಿ ಉಂಡ.

ದಸರೆಯ ಹೊತ್ತಿಗೆ ಅಲ್ಲಪ್ಪ ಹೊಲಕ್ಕೆ ಹೋಗಿಬರುವಷ್ಟು ಗಟ್ಟಿಯಾಗಿದ್ದ, ಭರಣಿ ಬರಿದಾಗಿತ್ತು. ಬಾಳಕ್ಕ ಸೊಸೆಯನ್ನು ಹೊರಡಿಸಿಕೊಂಡು ಕೊಲ್ಹಾಪುರದ ಬಸ್ಸು ಹತ್ತಿದಳು. ಜೈತುನಬಿಗೆ ಸೀರೆ, ಕುಬಸ ಕೊಟ್ಟು ಅವಳ ಕಟ್ಟೆಯ ಮೇಲೆ ಕೂತಳು.

"ನಿನ್ನ ಕೈಗುಣ ಚಲೋ ಐತಿ ತಂಗೀ. ಆದ್ರ ಲವಂಗ ಕಡಿಮಿ ಆಗಬೇಕ" ಎಂದಳು.

"ನಾಹೀ, ನಾಹೀ. ಲವಂಗ ಪಾಹಿಜೇಚ" ಎಂದಳು ಜೈತುನಬಿ, ಲವಂಗ ಬೇಕೇ ಬೇಕೆಂದು ತಲೆಯಾಡಿಸಿ.

ಒಬ್ಬಳದು ಕನ್ನಡ, ಇನ್ನೊಬ್ಬಳದು ಮರಾಠಿ. ಅಕ್ಕವ್ವ ನಡುವೆ ಕೂತು ನಗುತ್ತಿದ್ದಳು. ಊರಿಗೆ ಮರಳುವ ಬಸ್ಸು ಹೋದದ್ದು ಮೂವರಿಗೂ ತಿಳಿಯಲಿಲ್ಲ.