ನಲವತ್ತೆರಡು ಕಿಟಕಿಗಳ ಸ್ಕ್ರೂ

ಹನ್ನೊಂದು ನಿಮಿಷವಾದರೂ ಫೈಲು ತೆರೆಯಲಿಲ್ಲ. ಮಧ್ಯಾಹ್ನ ಹನ್ನೆರಡು ಗಂಟೆಗೆ ಹಿರೇಹಡಗಲಿಯಿಂದ ಕಮಿಟಿಯವರು ಬರುವವರಿದ್ದರು. ಅವರು ಕಟ್ಟಿಸಲಿರುವ ಹೆಣ್ಣುಮಕ್ಕಳ ಹಾಸ್ಟೆಲನ್ನು ಕಂಪ್ಯೂಟರಿನಲ್ಲಿ ಎಲ್ಲ ಮಗ್ಗುಲಿಂದಲೂ ತಿರುಗಿಸಿ ತೋರಿಸುತ್ತೇವೆಂದು ನಮ್ಮ ಎಂಜಿನಿಯರ್ ಗವಿಸಿದ್ದೇಶ್ ಸರ್ ಮಾತು ಕೊಟ್ಟಿದ್ದರು. 2004ರ ಹಗರಿಬೊಮ್ಮನಹಳ್ಳಿಯಲ್ಲಿ ಅದು ದೊಡ್ಡ ಮಾತು.

“ಇದು ತೆರೀಲಿಲ್ಲಂದ್ರ ಕೆಲಸ ಆ ದಾವಣಗೆರೆ ಎಂಜಿನಿಯರ್‌ಗಳ ಪಾಲು,” ಎಂದರು ಸರ್. “ಏನ್ ತುಂಬೀಯವ್ವ ಶೃತಿ ಇದರಾಗ? ಹಾರ್ಡ್‌ವೇರ್ ಅಂಗಡಿ ಇಟ್ಟೀ ಏನು?”

ಅವರು ತಮಾಷೆಗೆ ಅಂದದ್ದು ನಿಜವೇ ಆಗಿತ್ತು. ಬಿ.ಎಸ್ಸಿ. ಮುಗಿಸಿ, ಹೊಸಪೇಟೆಯಲ್ಲಿ ಆರು ತಿಂಗಳು ಡ್ರಾಯಿಂಗ್ ಕಲಿತು ಈ ಕಚೇರಿ ಸೇರಿದ್ದೆ. ಇದು ನನ್ನ ಮೊದಲ ದೊಡ್ಡ ಮಾಡೆಲ್. ನಲವತ್ತೆರಡು ಕಿಟಕಿಗಳಿಗೂ ಕೀಲು ಬರೆದಿದ್ದೆ, ಪ್ರತಿ ಕೀಲಿಗೆ ಆರು ಸ್ಕ್ರೂ, ಸ್ಕ್ರೂವಿನ ಮೈಮೇಲಿನ ಸುರುಳಿ ಗೆರೆ ಸಹ. ದಿನಚರಿಯಲ್ಲಿ ಚಹಾ ಆರಿಹೋಗಿದ್ದನ್ನೂ ಬಿಡದೆ ಬರೆಯುವವಳು ನಾನು. ಎಲ್ಲವನ್ನೂ ಬರೆದಿಟ್ಟರೆ ಯಾರೂ ನನ್ನನ್ನು ಕರೆದು ಏನೂ ಕೇಳುವುದಿಲ್ಲ, ನಾನು ಬಾಯಿ ತೆರೆಯಬೇಕಾಗಿಲ್ಲ ಎಂಬುದು ಯಾರಿಗೂ ಹೇಳದ ನನ್ನ ಧೈರ್ಯವಾಗಿತ್ತು.

ಕಚೇರಿಯ ಹಿರಿಯ ಡ್ರಾಫ್ಟರ್ ವಾಣಿಶ್ರೀ ಅಕ್ಕ ಕುರ್ಚಿ ಎಳೆದುಕೊಂಡು ಬಂದರು.

“ಕಿಟಕಿ ಬ್ಯಾರೆ ಫೈಲಿನಾಗ ಐತೇನು?”

“ಹೂಂ ಅಕ್ಕ. ಒಂದು ಬರೆದು ಎಲ್ಲಾ ಕಡಿ ಅದನ್ನ ಜೋಡಿಸೀನಿ.”

“ಮತ್ತ ಯಾಕ ಅಳು ಮಾರಿ ಮಾಡ್ಕೊಂಡು ಕುಂತೀ? ಅರ್ಧ ಕೆಲಸ ನೀನಾ ಮಾಡಿಟ್ಟೀಯಲ್ಲ.”

ಅವರು ದೊಡ್ಡ ಫೈಲನ್ನು ಮುಚ್ಚಿ, ಕಿಟಕಿಯದನ್ನಷ್ಟೇ ತೆರೆದರು. ಒಂದು ಸ್ಕ್ರೂವನ್ನು ಪರದೆ ತುಂಬ ದೊಡ್ಡದು ಮಾಡಿ ನೋಡಿದರು. “ಎಷ್ಟ್ ಚಂದ ಬರೆದೀಯವ್ವ!” ಎಂದು, ಆಮೇಲೆ ಮೆಲ್ಲಗೆ ಕೇಳಿದರು: “ಈ ಸ್ಕ್ರೂ ನೋಡಿ ಇವತ್ತು ಯಾರು ಏನು ಮಾಡ್ತಾರ?”

ಉತ್ತರವನ್ನೂ ತಾವೇ ಹೇಳಿದರು:

“ಬಡಿಗೇರಿಗೆ ಬೇಕು. ಆದ್ರ ಅವರು ಬರೂದು ಗೋಡಿ ಎದ್ದಮ್ಯಾಲೆ.”

ನನ್ನ ಕಿಟಕಿಯನ್ನು ಅವರು ಅಳಿಸಲಿಲ್ಲ. ‘ಬಡಿಗೇರಿಗೆ’ ಎಂದು ಹೆಸರಿಟ್ಟು ಬೇರೆ ಕಡೆ ಉಳಿಸಿದರು. ಬರೀ ಚೌಕಟ್ಟು, ಗಾಜು ಇರುವ ಹೊಸ ಕಿಟಕಿಯೊಂದನ್ನು ಬರೆದು ಅದಕ್ಕೆ ಹಳೆಯ ಹೆಸರನ್ನೇ ಕೊಟ್ಟರು. ದೊಡ್ಡ ಫೈಲು ಕಿಟಕಿಯನ್ನು ಹೆಸರು ಹಿಡಿದೇ ಹುಡುಕುವುದರಿಂದ, ಅದನ್ನು ಮುಟ್ಟದೆಯೇ ನಲವತ್ತೆರಡೂ ಹಗುರಾದವು. ನಲ್ಲಿಗಳಿಗೂ ಹೀಗೆಯೇ ಆಯಿತು. ಮಂಚಗಳ ಕಾಲಿನ ಕೆತ್ತನೆ ಹೋಯಿತು, ಉದ್ದ ಅಗಲ ಮಾತ್ರ ಅಂಗುಲ ತಪ್ಪದಂತೆ ಉಳಿಯಿತು. “ಕ್ವಾಣ್ಯಾಗ ಎಷ್ಟು ಮಂಚ ಹಿಡಿಸ್ತಾವ ಅಂತ ಕೇಳೇ ಕೇಳ್ತಾರ” ಎಂದರು. ಬಿಡುವುದಕ್ಕೂ ಇಷ್ಟು ತಿಳಿವಳಿಕೆ ಬೇಕೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅವರ ಕೈಯನ್ನೇ ನೋಡುತ್ತಿದ್ದೆ.

ಹನ್ನೊಂದೂವರೆಗೆ ಮಾಡೆಲ್ ಒಂದೇ ನಿಮಿಷದಲ್ಲಿ ತೆರೆಯಿತು. ಸರ್ ಉಸಿರು ಬಿಟ್ಟರು. ಅಕ್ಕ ಮಾತ್ರ ನಿಲ್ಲಲಿಲ್ಲ. ನಾನು ಬರೀ ಸಪಾಟು ಬಿಟ್ಟಿದ್ದ ಬಚ್ಚಲಿನ ನೆಲಕ್ಕೆ ಇಳಿಜಾರು, ಮೋರಿ, ಮೋರಿಯ ಮೇಲಿನ ಜಾಲರಿ ಬರೆಯತೊಡಗಿದರು.

“ಅಲ್ರೀ ವಾಣಿಶ್ರೀ, ಅಕೀ ತುಂಬಿದ್ದನ್ನ ತೆಗೆದು ಈಗ ನೀವು ತುಂಬಾಕ ಹತ್ತೀರಲ್ಲ!”

“ಕಮಿಟಿಯಾಗ ಹೆಣ್ಮಕ್ಕಳಾ ಜಾಸ್ತಿ ಅದಾರ ಸರ. ನೀರಿನ ಮಾತು ತೆಗೀದಾ ಹೋಗೂದಿಲ್ಲ.”

ಹನ್ನೆರಡು ಹೊಡೆದ ಮೇಲೆ ನಾಲ್ವರು ಬಂದರು. ಅಧ್ಯಕ್ಷೆ ಕಲ್ಯಾಣಮ್ಮ ಕನ್ನಡಕ ಏರಿಸಿ ಪರದೆಯ ಮುಂದೆ ಕುಳಿತರು. ಕಟ್ಟಡ ಸಲೀಸಾಗಿ ತಿರುಗಿತು. ಒಳಹೊಕ್ಕು ಬಚ್ಚಲಿನವರೆಗೆ ಬರುತ್ತಲೇ ಅವರು ಕೈ ಅಡ್ಡ ಹಿಡಿದರು.

“ಐವತ್ತು ಹುಡುಗೇರು ಒಮ್ಮಿಗೇ ಜಳಕ ಮಾಡಿದ್ರ ನೀರು ಎತ್ಲಾಗ ಹೋಗ್ತೈತಿ?”

ಅಕ್ಕ ಇಳಿಜಾರು ತೋರಿಸಿದರು. ಕಲ್ಯಾಣಮ್ಮ ತಲೆಯಾಡಿಸಿ, “ಬಟ್ಟಿ ಎಲ್ಲಿ ಒಣಹಾಕ್ತಾರ?” ಎಂದರು.

ಅದು ಮಾಡೆಲಿನಲ್ಲಿ ಇರಲಿಲ್ಲ. ಸರ್ ಅಕ್ಕನನ್ನು ನೋಡಿದರು. ಅಕ್ಕ ಮೌಸನ್ನು ನನ್ನ ಕಡೆ ಸರಿಸಿದರು.

“ಅದನ್ನ ಹಾಕಿಲ್ರಿ,” ಎಂದೆ. “ಹಾಸ್ಟೆಲಿನಾಗ ಇರೋರು ಹೆಂಗ ಒಣಹಾಕ್ತಾರ, ನಂಗೊತ್ತಿಲ್ಲ. ಎಲ್ಲಿ ಬೇಕು ನೀವಾ ಹೇಳ್ರಿ.”

ಕಲ್ಯಾಣಮ್ಮ ನಕ್ಕರು. “ಅಂತೂ ನಮ್ಮನ್ನ ಕೇಳಾಕಿ ಒಬ್ಬಾಕಿ ಸಿಕ್ಕಳು! ದಾವಣಗೆರೆಯವರು ಬರೇ ಹೇಳಿ ಕಳಿಸಿದ್ರು.” ಬೆರಳನ್ನು ಪರದೆಗೇ ಒತ್ತಿದರು. “ಇಲ್ಲಿ, ಹಿತ್ತಲ ಕಡಿ. ರಸ್ತೇಕ ಕಾಣಬಾರದು.”

ನಾನು ಅಲ್ಲಿ ಎರಡು ಕಂಬ ನಿಲ್ಲಿಸಿ, ನಡುವೆ ಒಂದು ಗೆರೆ ಎಳೆದೆ. ಅಷ್ಟೇ.

“ಪಾಯಾ ಯಾವಾಗ ತೆಗೀತೀರಿ?” ಎಂದು ಕಲ್ಯಾಣಮ್ಮ ಸರ್ ಕಡೆ ತಿರುಗಿದರು. ಸರ್ ಗಡಿಬಿಡಿಯಿಂದ ಕ್ಯಾಲೆಂಡರಿಗೆ ಕೈಹಾಕಿದರು. ಅವರು ಹಾಳೆ ತಿರುವುವುದರೊಳಗೆ ನಾನು ಮತ್ತೆ ಬಾಯಿ ತೆರೆದಿದ್ದೆ:

“ಅಮ್ಮಾರ, ಹಗ್ಗ ಎಷ್ಟು ಎತ್ತರಕ್ಕಿರ್ಲಿ? ಸಣ್ಣ ಹುಡುಗೇರಿಗೂ ಎಟುಕಬೇಕಲ್ರಿ?”