ಹೆರಿಗೆ ತನಕ ತಡೆಯಬೇಕಿದ್ದ ಗೋಡೆ

ಬಸವಕಲ್ಯಾಣದಲ್ಲಿ ಬಸ್ಸು ಹತ್ತಿದರೆ ಒಂದು ಜೊಂಪು ಮುಗಿಯುವುದರೊಳಗೆ ಹುಮನಾಬಾದ್ ಬಂದುಬಿಡುತ್ತದೆ. ಆದರೆ ಬಟ್ಟೆ ಅಂಗಡಿಯ ವೈಜನಾಥನಿಗೆ ಅದು ಕಾಶಿಗಿಂತ ದೂರ. ಅಲ್ಲಿ ಅಪ್ಪ ಬಿಟ್ಟುಹೋದ ಹಳೆಯ ಮನೆಯೊಂದಿತ್ತು. ಬಾಡಿಗೆ ಫೋನಿಗೇ ಬಂದು ಬೀಳುವಾಗ ಹೋಗಿ ನೋಡುವುದೇನಿದೆ? ಗೋಡೆಗಳು ತಾವಾಗಿಯೇ ನಿಂತಿರುತ್ತವೆ ಎಂದು ಅವನು ನಂಬಿದ್ದ. ಊರಲ್ಲಿಲ್ಲದ ಮಾಲೀಕರೆಲ್ಲ ಹಾಗೇ ನಂಬುತ್ತಾರೆ.

ಆ ಮನೆಯಲ್ಲಿ ಕೊಡಂಬಲದ ಪಂಡರಿ ಮತ್ತು ಅವನ ಹೆಂಡತಿ ಜಿಜಾಬಾಯಿ ಇದ್ದರು. ಕುರಿ ಕಾಯುವ ಮನೆತನ. ಪಂಡರಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಊರು ಬಿಟ್ಟು ಬಂದವರು. ಜಿಜಾಬಾಯಿ ಮಾತ್ರ ಹಿತ್ತಲಲ್ಲಿ ಎರಡು ಆಡು ಕಟ್ಟಿಕೊಂಡಿದ್ದಳು. ಅವುಗಳ ಸದ್ದಿಲ್ಲದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಮಳೆಗಾಲದ ಮೊದಲಲ್ಲಿ ಪಂಡರಿ ಫೋನು ಮಾಡಿದ.

"ಸಾವ್ಕಾರ್ರ, ಹಿತ್ತಲ ಗೋಡಿ ಹೊಟ್ಟಿ ಬಿಟ್ಟದ್ರಿ. ಗೌಸ ಮಿಸ್ತ್ರಿ ನೋಡಿ ಹೋದ. ಪೂರಾ ಕೆಡವಿ ಕಟ್ಟಬೇಕಂತ."

ವೈಜನಾಥ ಜಿಪುಣನಲ್ಲ. ಬೇರೆ ಯಾವಾಗಲಾದರೂ ಆಗಿದ್ದರೆ ನಿಂತ ನಿಲುವಿನಲ್ಲೇ ಹೂಂ ಎನ್ನುತ್ತಿದ್ದ. ಆದರೆ ಮಗಳು ದೀಪಾಲಿ ತವರಿಗೆ ಬಂದಿದ್ದಳು. ಎರಡು ಸಲ ಕಳೆದುಕೊಂಡು ಈಗ ಮತ್ತೆ ಬಸುರಿ. ಮನೆಯಲ್ಲಿ ಬಸುರಿ ಇರುವಾಗ ತಮ್ಮ ಹೆಸರಿನ ಯಾವ ಗೋಡೆಗೂ ಸುತ್ತಿಗೆ ತಾಗಿಸಬಾರದು, ನೆಲ ಅಗೆಯಬಾರದು. ಇದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ.

"ಮಗಳಿಗೆ ಏಳು ತುಂಬ್ಯಾವೋ ಪಂಡರಿ. ಹೆರಿಗಿ ಆಗೋ ತನಕ ತಡಿ. ಆಮ್ಯಾಲ ನಾನೇ ಬಂದು ನಿಂತು ಕಟ್ಟಸ್ತೀನಿ."

ಆ ಕಡೆ ಜಿಜಾಬಾಯಿ ಫೋನು ಕಸಿದುಕೊಂಡಳು.

"ಹೌದ್ರಿ ಅಣ್ಣಾ, ಈಗ ಗೋಡಿ ಮುಟ್ಟೂದೇ ಬ್ಯಾಡ್ರಿ. ನಮ್ಮ ಕಡೀನೂ ಹಂಗೇ. ನಾವು ತಡೀತೀವಿ. ಕೂಸು ಸುಖಾ ಬರಲಿ."

ವೈಜನಾಥನ ಮನಸ್ಸು ಹಗುರಾಯಿತು. ಅಲ್ಲಿಯ ತನಕ ಬೇರೆ ಕಡೆ ಇರಿ, ಅದರ ಖರ್ಚು ನನಗಿರಲಿ ಎನ್ನಬಹುದಿತ್ತು. ಗೋಡೆಗೆ ಮರದ ಆಸರೆಯಾದರೂ ಕೊಡಿಸಬಹುದಿತ್ತು. ಯಾವುದೂ ಹೊಳೆಯಲಿಲ್ಲ. ಮಗಳ ಚಿಂತೆ ಬಿಟ್ಟರೆ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ, ಪಾಪ. ಪಂಡರಿ ಇನ್ನೊಮ್ಮೆ ಫೋನು ಮಾಡಿದಾಗಲೂ "ಇನ್ನೇನು ಆತು, ತಡಿ" ಎಂದ.

ಹಿಡಿದ ಮಳೆ ಬಿಡದ ಒಂದು ಬೆಳಗ್ಗೆ ಜಿಜಾಬಾಯಿ ಆಡುಗಳಿಗೆ ಸೊಪ್ಪು ಹಾಕಲು ಹಿತ್ತಲಿಗೆ ಹೋದಳು. ಗೋಡೆ ಅವಳ ಮೇಲೆ ಬಿತ್ತು. ನೆರೆಯವರು ಕಲ್ಲುಮಣ್ಣು ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು.

ಪೊಲೀಸರು ವೈಜನಾಥನನ್ನು ಹುಮನಾಬಾದಿಗೆ ಕರೆಸಿದರು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ತಮ್ಮ, ವಕೀಲ ಶರಣಕುಮಾರ, ದಾರಿಯುದ್ದಕ್ಕೂ ಕಿವಿಯಲ್ಲಿ ಹೇಳುತ್ತಲೇ ಬಂದ.

"ಮಾಲಕ ಎಲ್ಲೇ ಇರಲಿ, ಗೋಡಿ ರಿಪೇರಿ ಅವಂದೇ ಜವಾಬ್ದಾರಿ ಅಣ್ಣಾ. ಗೊತ್ತಿದ್ದೂ ಬಿಟ್ಟಿ ಅಂದ್ರ ಕೇಸು ಗಟ್ಟಿ ಆಗ್ತದ. ನಾ ಬ್ಯಾರೆ ಊರಾಗ ಇರ್ತೀನಿ, ನನಗ ಯಾರೂ ಹೇಳಿಲ್ಲ ಅನ್ನು. ಮನ್ಯಾಗ ದೀಪಾಲಿಗೆ ಇವತ್ತೋ ನಾಳೆಯೋ ಅನ್ನಂಗ ಅದ, ನೆನಪಿರಲಿ."

ಠಾಣೆಯಲ್ಲಿ ಇನ್ಸ್‌ಪೆಕ್ಟರು ನೇರವಾಗಿ ಕೇಳಿದರು. "ಗೋಡಿ ವಿಷಯ ನಿಮಗ ತಿಳಿಸಿಲ್ಲಂತ ಪಂಡರಿ ಹೇಳ್ಯಾನ. ಖರೇ ಏನ್ರಿ?"

ವೈಜನಾಥನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಬಾಗಿಲಾಚೆ ಬೆಂಚಿನ ಮೇಲೆ ಪಂಡರಿ ತಲೆ ತಗ್ಗಿಸಿ ಕುಳಿತಿದ್ದ. ಹೌದು ಎಂದರೆ ಮುಗಿಯಿತು, ಸಂಜೆಗೆ ಮನೆ ಸೇರಬಹುದು. ತಮ್ಮ ಮೆಲ್ಲಗೆ ತೊಡೆ ಒತ್ತಿದ. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು, ಆದರೆ 'ಕೂಸು ಸುಖಾ ಬರಲಿ' ಎಂದವಳ ಹೆಣದ ಮೇಲೆ ಅದನ್ನು ಆಡಲು ಅವನಿಂದಾಗಲಿಲ್ಲ.

"ಖರೇ ಅಲ್ರಿ. ಎರಡು ಸಲ ಹೇಳಿದ್ದ. ನಾನೇ ತಡಿ ಅಂದಿದ್ದೆ."

ಶರಣಕುಮಾರ ಹಣೆ ಚಚ್ಚಿಕೊಂಡ. ಹೇಳಿಕೆ ಬರೆಸಿಕೊಂಡು ಸಹಿ ಮಾಡಿಸಿಕೊಂಡರು. ಇವತ್ತು ಮನೆಗೆ ಬಿಡಲಾಗದು ಎಂದ ಇನ್ಸ್‌ಪೆಕ್ಟರು, ನೀರು ಕುಡಿದು ಬರಲು ಹೊರಗೆ ಕಳಿಸಿದರು. ವೈಜನಾಥ ಪಂಡರಿಯ ಮುಂದೆ ಹೋಗಿ ಕೈ ಮುಗಿದು ನಿಂತ. ಇದ್ದುದನ್ನು ಇದ್ದಂತೆ ಹೇಳಿದೆನೆಂಬ ಸಮಾಧಾನ ಅವನಿಗಿತ್ತು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ.

ಪಂಡರಿ ಕಣ್ಣೆತ್ತಿ ನೋಡಿದ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಯಾಕ ಹೇಳಿದ್ರಿ?" ಎಂದ. "ಅಪ್ಪನ್ನ ಹಿಡಕೊಂಡು ಹೋದ್ರು ಅಂದ್ರ ಆ ಹೆಣ್ಣುಮಗಳು ತಡಕೋತಾಳೇನ್ರಿ? ನಮ್ಮಾಕಿ ಆ ಗೋಡಿ ಬಗಲಾಗ ಹೋಗಾಕ ದಿನಾ ಅಂಜತಿದ್ಳು. ಅಂಜಿದ್ರೂ ನಿಮ್ಮ ಕೂಸಿಗಾಗಿ ತಡದಳ್ರಿ. ಈಗ ಅದಕ್ಕೂ ಏನರ ಆದ್ರ, ನಮ್ಮಾಕಿ ಯಾತಕ್ಕ ಸತ್ತಳಂತ ತಿಳಕೋಲಿ ನಾ?"